ಚೀಲದೊಳಗಿನ ಸೂಜಿ ಮತ್ತು ಮೂರನೆಯ ಡೋಸ್: ತ್ಯಾಜ್ಯ ವಿಭಾಗದಲ್ಲಿ ನನ್ನ ಅನುಭವ

ಆಸ್ಪತ್ರೆಯ ತ್ಯಾಜ್ಯ ಸಾಗಿಸುವವರಿಗೆ ಚೀಲದೊಳಗಿನ ಬಳಸಿದ ಸೂಜಿ ಚುಚ್ಚುವುದನ್ನು ಅವರಿಗೆ ತರಬೇತಿ ಕೊಟ್ಟು ನಿಲ್ಲಿಸಲಾಗದು, ಚೀಲ ತುಂಬುವ ಜಾಗದಲ್ಲೇ ಅದನ್ನು ತಡೆಯಬೇಕು ಎಂದು ನಾನು ಹೇಳಿದಾಗ ನಮ್ಮಲ್ಲಿ ಒಪ್ಪಿದವರು ಬಹಳ ಕಡಿಮೆ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆ ಹಾಕಿದ ಮೇಲೆ, ರಕ್ತದಲ್ಲಿ ರಕ್ಷಣೆ ಬಂದಿದೆಯೇ ಎಂದು ನೋಡುವ ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಬೇಕೆಂದಾಗ ಆಡಳಿತದವರು ಅದನ್ನು ದುಂದುವೆಚ್ಚವೆಂದರು. ಆಗ ತಿಂಗಳಿಗೆ ನಾಲ್ಕೈದು ಮಂದಿಗೆ ಸೂಜಿ ಚುಚ್ಚುತ್ತಿತ್ತು. ಈಗ ಎರಡು ಮೂರು ತಿಂಗಳಿಗೆ ಒಮ್ಮೆ ಅಂಥ ವರದಿ ಬರುತ್ತದೆ. ಆದ್ದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೆಲಸಗಾರರು ಹೆದರುವುದು ಎಚ್‌ಐವಿಗೆ, ಆದರೆ ಅವರಿಗೆ ಹೆಚ್ಚು ಹತ್ತಿರವಿರುವ ಅಪಾಯ ಹೆಪಟೈಟಿಸ್ ಬಿ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಶೇ. 0.3ರಷ್ಟಿದ್ದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30ರವರೆಗೆ ಇರುತ್ತದೆ. ಈ ವೈರಸ್ ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಉಳಿಯಬಲ್ಲದು. ನಿನ್ನೆ ಕಟ್ಟಿಟ್ಟ ಚೀಲವೆಂದು ಯಾರೂ ಉದಾಸೀನ ಮಾಡುವಂತಿಲ್ಲ.

ಮೊದಲ ವರ್ಷದ ಹಣವೆಲ್ಲ ಕೈಗವಸುಗಳಿಗೇ ಹೋಯಿತು. ಕತ್ತರಿಕೆ ತಡೆಯುವ ದುಬಾರಿ ಕೈಗವಸು ಗಾಜಿನ ಚೂರಿಗೆ ಚೆನ್ನಾಗಿಯೇ ಒಗ್ಗಿತು, ಆದರೆ ತೆಳ್ಳನೆಯ ಸೂಜಿ ಹೆಣಿಗೆಯ ಸಂದಿನಿಂದ ಸಲೀಸಾಗಿ ಒಳಹೊಕ್ಕಿತು. ಚರ್ಮದ ಕೈಗವಸು ರಕ್ತ ಹೀರಿಕೊಂಡಿತು. ಅದನ್ನು ತೊಳೆಯುವುದೂ ಕಷ್ಟ, ಎಸೆಯಲು ಹಣವೂ ಇಲ್ಲ. ಅಷ್ಟರಲ್ಲಿ ನಮ್ಮ ಗಾಯಗಳ ಪುಸ್ತಕವನ್ನು ಮತ್ತೆ ಓದಿದಾಗ ಕಂಡ ಸಂಗತಿಯೇ ಬೇರೆ: ಹೆಚ್ಚುಕಡಿಮೆ ಅರ್ಧದಷ್ಟು ಗಾಯಗಳು ಆಗಿದ್ದುದು ಕೈಗಲ್ಲ, ತೊಡೆಗೆ ಮತ್ತು ಮೀನಖಂಡಕ್ಕೆ. ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲಿಳಿಯುವಾಗ ಅದು ಕಾಲಿಗೆ ಬಡಿಯುತ್ತದೆ, ಒಳಗಿನ ಸೂಜಿ ಪ್ಲಾಸ್ಟಿಕ್ಕನ್ನೂ ಪ್ಯಾಂಟನ್ನೂ ದಾಟುತ್ತದೆ. ಅಂದಿನಿಂದ ಕೈಯಲ್ಲಿ ಚೀಲ ಹೊರುವುದನ್ನೇ ನಿಲ್ಲಿಸಿ, ಗಟ್ಟಿ ಗೋಡೆಯ, ಚಕ್ರವಿರುವ ಡಬ್ಬಿಗಳನ್ನು ತಂದೆವು. ಚೀಲವನ್ನು ಕುತ್ತಿಗೆಯಲ್ಲಿ ಹಿಡಿದೆತ್ತಬೇಕು, ತಳಕ್ಕೆ ಕೈಕೊಡಬಾರದು, ಒಳಗೆ ಒತ್ತಬಾರದು.

ಎರಡನೆಯ ಹೆಜ್ಜೆ ಚೀಟಿ. ವಾರ್ಡಿನ ಹೆಸರು, ದಿನಾಂಕ, ಪಾಳಿ ಇಲ್ಲದ ಚೀಲವನ್ನು ನಾವು ಎತ್ತುವುದಿಲ್ಲ. ಸೂಜಿ ಚುಚ್ಚಿದರೆ ಆ ಚೀಟಿಯ ಪ್ರತಿ ಅದೇ ದಿನ ಆ ವಾರ್ಡಿಗೆ ಹೋಗುತ್ತದೆ. ಮೊದಲು ಜಗಳವಾಯಿತು, ಒಂದೆರಡು ವಾರ್ಡಿನವರು ನಮ್ಮ ಮೇಲೆಯೇ ದೂರು ಕೊಟ್ಟರು. ಆದರೆ ಬಹುಪಾಲು ಸೂಜಿಗಳು ಬರುತ್ತಿದ್ದುದು ಎರಡು ಮೂರು ಜಾಗಗಳಿಂದ ಮಾತ್ರ ಎಂಬುದನ್ನು ಚೀಟಿಗಳೇ ತೋರಿಸಿಕೊಟ್ಟವು. ಅಲ್ಲೆಲ್ಲ ಬಳಸಿದ ಸೂಜಿ, ಬ್ಲೇಡು ಹಾಕುವ ಶಾರ್ಪ್ಸ್ ಡಬ್ಬಿ ಹಾಸಿಗೆಯಿಂದ ದೂರವಿತ್ತು, ಅಥವಾ ಬಾಯಿವರೆಗೆ ತುಂಬಿ ನಿಂತಿರುತ್ತಿತ್ತು. ಡಬ್ಬಿಯನ್ನು ಕೈಗೆಟಕುವಲ್ಲಿ ಇರಿಸಿ, ಮುಕ್ಕಾಲು ಭಾಗ ತುಂಬುತ್ತಲೇ ಬದಲಿಸಿದೆವು, ಅಷ್ಟೆ. ವಾರ್ಡಿನ ಮುಖ್ಯಸ್ಥರನ್ನು ಕೊನೆಗೆ ಹೇಗೆ ಒಪ್ಪಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಆ ಉಪಾಯ ಬಹಿರಂಗವಾದರೆ ಕೆಲಸ ಮಾಡದು.

ನಡುವೆ ಕೈಯಲ್ಲಿ ಹಿಡಿಯುವ ಲೋಹಶೋಧಕವನ್ನು ಎರವಲು ತಂದು ಚೀಲಗಳ ಮೇಲೆ ಆಡಿಸಿ ನೋಡಿದೆವು. ಔಷಧ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳ, ಮಾತ್ರೆಗಳ ಹಾಳೆ ಎಲ್ಲದಕ್ಕೂ ಅದು ಕೂಗುತ್ತಿತ್ತು. ಒಂಟಿ ಸಣ್ಣ ಸೂಜಿಗೆ ಮಾತ್ರ ಎಷ್ಟೋ ಸಲ ಸುಮ್ಮನಿರುತ್ತಿತ್ತು. ಒಂದು ವಾರದಲ್ಲಿ ಹಿಂತಿರುಗಿಸಿದೆವು.

ಲಸಿಕೆಯ ವಿಷಯದಲ್ಲಿ ನಮ್ಮನ್ನು ಸೋಲಿಸುತ್ತಿದ್ದುದು ಮೂರನೆಯ ಡೋಸ್. 0, 1 ಮತ್ತು 6ನೆಯ ತಿಂಗಳ ಕ್ರಮದಲ್ಲಿ ಮೊದಲೆರಡಕ್ಕೆ ಎಲ್ಲರೂ ಬರುತ್ತಾರೆ, ಆರನೆಯ ತಿಂಗಳಿಗೆ ಮೂವರಲ್ಲೊಬ್ಬರು ಮಾಯವಾಗುತ್ತಾರೆ. ಆಸ್ಪತ್ರೆಯ ಲಸಿಕಾ ಕೋಣೆಗೆ ಕಳಿಸುವುದನ್ನು ಬಿಟ್ಟು, ಪಾಳಿ ಬದಲಾಗುವ ಹೊತ್ತಿಗೆ ಹಾಜರಿ ಹಾಕುವ ಮೇಜಿನ ಬಳಿಯೇ ನರ್ಸನ್ನು ಕೂರಿಸಿದೆವು. ತಡವಾಗಿ ಬಂದವರಿಗೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಚುಚ್ಚುಮದ್ದು ತೋಳಿಗೇ ಆಗಬೇಕು, ಪೃಷ್ಠಕ್ಕೆ ಹಾಕಿದರೆ ಪ್ರತಿಕಾಯ ಕಡಿಮೆ ಬರುತ್ತದೆ.

ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ಪರೀಕ್ಷೆ ಮಾಡಿಸಿ, ಪ್ರತಿ ಮಿಲಿಲೀಟರಿಗೆ 10 ಮಿಲಿಯೂನಿಟ್ ಅಥವಾ ಹೆಚ್ಚಿನ ಪ್ರತಿಕಾಯವಿದ್ದರೆ ಅದನ್ನು ಕೆಲಸಗಾರರ ಗುರುತಿನ ಚೀಟಿಯ ಹಿಂದೆ ಬರೆಯುತ್ತೇವೆ. ಆಡಳಿತವನ್ನು ಮಣಿಸಿದ ಲೆಕ್ಕ ಇಲ್ಲಿಯೇ ಇತ್ತು. ತ್ಯಾಜ್ಯದ ಸೂಜಿ ಯಾವ ರೋಗಿಯದೆಂದು ಗೊತ್ತಾಗುವುದಿಲ್ಲವಾದ್ದರಿಂದ, ಲಸಿಕೆ ಪಡೆಯದವರಿಗೆ ಚುಚ್ಚಿದರೆ ಅದನ್ನು ಸೋಂಕಿನ ಸೂಜಿಯೆಂದೇ ಭಾವಿಸಿ, ಸಾಧ್ಯವಾದರೆ 24 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಮತ್ತು ಲಸಿಕೆ ಎರಡನ್ನೂ ಕೊಡಬೇಕಾಗುತ್ತದೆ; ಅಂಥ ಒಬ್ಬರ ಖರ್ಚಿನಲ್ಲಿ ಹಲವರ ಪರೀಕ್ಷೆ ಮುಗಿಯುತ್ತದೆ. ಪ್ರತಿಕಾಯ ದಾಖಲಾಗಿರುವವರಿಗೆ ಹೆಪಟೈಟಿಸ್ ಬಿಗಾಗಿ ಅದೊಂದೂ ಬೇಡ. ಪ್ರತಿಕಾಯ ಬಾರದ ಕೆಲವರಿಗೆ ಇನ್ನೊಂದು ಸುತ್ತು ಲಸಿಕೆ ಹಾಕಿಸಿದೆವು, ಅವರಲ್ಲಿ ಅರ್ಧದಷ್ಟು ಮಂದಿಗೆ ಫಲ ಸಿಕ್ಕಿತು.

ರಕ್ತದಿಂದ ಹರಡುವ ಇನ್ನೊಂದು ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಹಾಗಾಗಿ ಸೂಜಿ ಚುಚ್ಚಿದ ಪ್ರತಿಯೊಬ್ಬರೂ ಗಾಯವನ್ನು ಹಿಂಡದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಕೂಡಲೇ ವರದಿ ಮಾಡಿ ರಕ್ತ ಕೊಡುತ್ತಾರೆ. ಮೂರರಿಂದ ಆರು ವಾರದೊಳಗೆ, ಹೆಪಟೈಟಿಸ್ ಸಿ ವೈರಸ್ ರಕ್ತದಲ್ಲಿದೆಯೇ ಎಂದು ನೋಡಲು ಅದರ ಆರ್‌ಎನ್‌ಎ ಪರೀಕ್ಷೆಯಾಗುತ್ತದೆ. ಬೇಗ ಗೊತ್ತಾದರೆ ಈಗಿನ ಮಾತ್ರೆಗಳಿಂದ ಶೇ. 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ ಎಂದು ತಿಳಿಸಿ ಹೇಳಿದ ಮೇಲೆ, ಕೆಲಸ ಹೋದೀತೆಂಬ ಭಯದಿಂದ ಗಾಯ ಮುಚ್ಚಿಡುತ್ತಿದ್ದವರೂ ವರದಿ ಮಾಡತೊಡಗಿದ್ದಾರೆ. ಚುಚ್ಚಿದ ದಿನದ ಸಂಬಳ ಕಡಿತವಾಗುವುದಿಲ್ಲ ಎಂದು ಅವರಿಗೆ ಬರವಣಿಗೆಯಲ್ಲಿ ಕೊಡಿಸಿದ್ದೇನೆ.