ಒಂದು ವರ್ಷ, 73 ಗ್ರಂಥ: ನಾನು ಬೈಬಲ್ ಓದಿದ ಬಗೆ

ಇಡೀ ಬೈಬಲನ್ನು ವರ್ಷದಲ್ಲಿ ಓದಿ ಮುಗಿಸೋಕೆ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ. ನಮ್ಮ ಕಥೋಲಿಕ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 46, ಹೊಸದರ 27, ಒಟ್ಟು 73 ಗ್ರಂಥಗಳಿವೆ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ಸಾಕು. ತಲೆನೋವು ಇರುವುದು ಓದುವ ಕ್ರಮದಲ್ಲಿ.

ಆದಿಕಾಂಡದಿಂದ ಸುಮ್ನೆ ಪುಟ ಮಗುಚುತ್ತಾ ಹೋದವರು ಎಷ್ಟೋ ಜನ ಬಲಿ, ಶುದ್ಧಾಚಾರದ ನಿಯಮಗಳೇ ತುಂಬಿರುವ ಯಾಜಕಕಾಂಡದಲ್ಲಿ ಕೈಬಿಡುತ್ತಾರೆ. ಅದಕ್ಕೇ ನಾನು ಕಥೆಯ ಎಳೆ ಹಿಡಿದು ಹೋದೆ. ಅರಸರ ಗ್ರಂಥ ಓದುವಾಗಲೇ ಆ ಕಾಲದ ಪ್ರವಾದಿಗಳಾದ ಆಮೋಸ, ಹೋಶೇಯ. ಜೆರುಸಲೇಮ್ ಬೀಳುವ ಹೊತ್ತಿಗೆ ಯೆರೆಮೀಯ. ಪ್ರವಾದಿ ನಾತಾನನು ಅರಸ ದಾವೀದನ ಮುಖಕ್ಕೇ 'ಆ ಮನುಷ್ಯ ನೀನೇ' ಎನ್ನುವ ಭಾಗ ಬಂದ ದಿನ 51ನೆಯ ಕೀರ್ತನೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಎಷ್ಟು ಸಲ ಹಾಡಿದ್ದೇನೋ ಅದನ್ನು! ಆದರೆ ದಾವೀದನೇ ಕೊಲ್ಲಿಸಿದ ಊರೀಯನ ಸಾವು ಓದಿದ ಕೂಡಲೇ 'ನನ್ನ ಪಾಪ ಸದಾ ನನ್ನ ಕಣ್ಮುಂದೆ ಇದೆ' ಅನ್ನುವ ಸಾಲಿಗೆ ಬಂದರೆ ರಾಗ ನೆನಪಾಗುವುದಿಲ್ಲ.

ಯಾಜಕಕಾಂಡವನ್ನೂ ಬಿಡಲಿಲ್ಲ. ಅದರ 16ನೆಯ ಅಧ್ಯಾಯದ ಜೊತೆ ಹಿಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯ ಇಟ್ಟುಕೊಂಡೆ. ಮಹಾಯಾಜಕ ವರ್ಷಕ್ಕೊಮ್ಮೆ ಬಲಿಯ ರಕ್ತ ಹಿಡಿದು ಅತಿ ಪವಿತ್ರ ಸ್ಥಳದ ಒಳಗೆ ಹೋಗುತ್ತಿದ್ದ, ಕ್ರಿಸ್ತ ಒಂದೇ ಸಲ ಹೋದರು. ಆಮೇಲೆ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಗುರುಗಳು ದ್ರಾಕ್ಷಾರಸದ ಪಾತ್ರೆ ಎತ್ತಿ ಹಿಡಿದಾಗ 'ಒಡಂಬಡಿಕೆಯ ರಕ್ತ' ಅನ್ನುವ ಮಾತು ಬೇರೆಯದೇ ತೂಕದಲ್ಲಿ ಕೇಳಿಸಿತು. ಪೂರ್ವಕಾಲ ವೃತ್ತಾಂತದ ವಂಶಾವಳಿಯನ್ನು ಮಾತ್ರ ಬೇಗ ಬೇಗ ದಾಟಿದೆ, ಅದಕ್ಕೇನೂ ಬೇಜಾರಿಲ್ಲ.

ಜಾಸ್ತಿ ಖುಷಿ ಕೊಟ್ಟದ್ದು ಮಕ್ಕಬಿಯರ ಎರಡು ಗ್ರಂಥಗಳು. ಅಪವಿತ್ರವಾದ ದೇವಾಲಯವನ್ನು ಶುದ್ಧಮಾಡಿ ಮತ್ತೆ ಪ್ರತಿಷ್ಠಾಪಿಸಿದ ಕಥೆ ಮೊದಲ ಗ್ರಂಥದ 4ನೆಯ ಅಧ್ಯಾಯದಲ್ಲಿದೆ. ಯೊವಾನ್ನರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಯೇಸು ಚಳಿಗಾಲದಲ್ಲಿ ದೇವಾಲಯದಲ್ಲಿ ಓಡಾಡುವುದು ಅದೇ ಪ್ರತಿಷ್ಠಾಪನೆಯ ಹಬ್ಬದಲ್ಲಿ! ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಸಿಗುತ್ತದೆ.

ಯೆಹೋಶುವ, ನ್ಯಾಯಸ್ಥಾಪಕರು ಎಂಬ ಗ್ರಂಥಗಳ ರಕ್ತಪಾತ ಓದುವುದು ಕಷ್ಟ. ಹಳೆಯ ಒಡಂಬಡಿಕೆಯಲ್ಲಿ ಅಪೂರ್ಣವಾದ, ತಾತ್ಕಾಲಿಕವಾದ ಸಂಗತಿಗಳೂ ಇವೆ, ಅವುಗಳ ಮೂಲಕವೇ ದೇವರು ಜನರನ್ನು ತಿದ್ದುತ್ತಾ ತಂದರು ಎಂದು ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದೆ. ನನಗದು ಸ್ವಲ್ಪ ಆಸರೆಯಾಯಿತು. ಪೂರ್ತಿ ಸಮಾಧಾನ ಆಯಿತು ಅಂತ ಹೇಳಲಾರೆ.

ಓದುವ ಮುಂಚೆ ಪವಿತ್ರಾತ್ಮರಿಗೆ ಚಿಕ್ಕ ಪ್ರಾರ್ಥನೆ. ಓದಿದ ಮೇಲೆ ಒಂದು ವಾಕ್ಯ ಹಿಡಿದುಕೊಂಡು ಸ್ವಲ್ಪ ಹೊತ್ತು ಮೌನ. ಇಷ್ಟೂ ಇಲ್ಲದಿದ್ದರೆ ಅದು ಬರೀ ಓದು, ಭಕ್ತಿ ಅಲ್ಲ ಅಲ್ವಾ? ಭಾನುವಾರಕ್ಕೆ ಹೊಸ ಅಧ್ಯಾಯ ಇಡಲಿಲ್ಲ, ಬಲಿಪೂಜೆಯ ವಾಚನಗಳೇ ಸಾಕು. ವಾರದಲ್ಲಿ ಉಳಿದುಹೋದದ್ದನ್ನೂ ಅವತ್ತೇ ಓದಿಕೊಳ್ಳುತ್ತಿದ್ದೆ.

ಮುಂದಿನ ಸುತ್ತನ್ನು ಜನವರಿ 1ಕ್ಕೆ ಕಾಯದೆ ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರವೇ ಶುರು ಮಾಡುತ್ತೇನೆ. ಧರ್ಮಸಭೆಯ ವರ್ಷ ತೆರೆಯುವುದೇ ಅಲ್ಲಿ, ಪ್ರವಾದಿ ಯೆಶಾಯನ ವಾಚನಗಳು ಜಾಸ್ತಿ ಬರುವುದೂ ಆಗಲೇ.