ನೀರೊಲೆಗೆ ಉರಿ ಹಾಕುವ ಕ್ರಮ

ಮಂಡ್ಯ, ಶ್ರೀರಂಗಪಟ್ಟಣ, ಟಿ. ನರಸೀಪುರದ ಕಡೆ ತಾರಸಿ ಮೇಲೆ ಸೋಲಾರ್ ಬಂದರೂ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆ ಒಲೆ ಹಾಗೇ ಉಳಿದಿದೆ. ಮೋಡ ಕವಿದಾಗ, ಮನೆ ತುಂಬ ನೆಂಟರು ಇಳಿದಾಗ ಅದೇ ಗತಿ. ದೀಪಾವಳಿಯ ನೀರು ತುಂಬುವ ಹಬ್ಬಕ್ಕಂತೂ ಹಂಡೆ ಬೆಳಗಿ, ಪೂಜೆ ಮಾಡಿ, ಮಾರನೆ ದಿನ ನಸುಕಿಗೇ ಉರಿ ಹಾಕುತ್ತಾರೆ. ತೊಂದರೆ ಆಗುವುದೂ ಇಂಥ ದಿನಗಳಲ್ಲೇ. ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದ ಒಲೆಯ ಹೊಗೆಕೊಳವೆಯಲ್ಲಿ ಏನು ಸೇರಿಕೊಂಡಿದೆ ಅಂತ ಯಾರೂ ನೋಡಿರುವುದಿಲ್ಲ.

ಹಾಗಾಗಿ ಕಡ್ಡಿ ಗೀರುವುದಕ್ಕೆ ಮುಂಚೆ ಕೊಳವೆ ನೋಡಿ. ಕೈ ಹಾಕಬೇಡಿ, ಚೇಳು ಕೂತಿರುತ್ತದೆ, ಟಾರ್ಚ್ ಬಿಡಿ. ಅಳಿಲು ತುರುಕಿದ ನಾರು, ಕಣಜದ ಗೂಡು, ಉದುರಿದ ಮಸಿ ಸಾಮಾನ್ಯವಾಗಿ ಸಿಗುತ್ತವೆ. ಉದ್ದದ ಬಿದಿರು ಗಳಕ್ಕೆ ಗೋಣಿ ತುಂಡು ಸುತ್ತಿ ಕಟ್ಟಿ ಮೇಲಿಂದ ಕೆಳಕ್ಕೆ ಉಜ್ಜಿದರೆ ಎಲ್ಲ ಬೀಳುತ್ತದೆ. ಪುಡಿ ಮಸಿ ಅಷ್ಟು ಕೆಟ್ಟದ್ದಲ್ಲ. ಹಸಿ ಸೌದೆ ಉರಿಸುವ ಮನೆಯಲ್ಲಿ ಕಪ್ಪಗೆ ಹೊಳೆಯುವ ಅಂಟು ಮಸಿ ಕಟ್ಟುತ್ತದೆ, ಕೊಳವೆಯೊಳಗೇ ಬೆಂಕಿ ಹತ್ತಿಕೊಳ್ಳುವುದು ಅದರಿಂದ. ಅದನ್ನು ಕೆರೆದೇ ತೆಗೆಯಬೇಕು. ಕೊಳವೆಯ ಬಾಯಿ ಸೂರಿಗಿಂತ ಮೂರಡಿಯಾದರೂ ಮೇಲಿರಲಿ. ಶೀಟು, ತೊಲೆ, ರೀಪರು ದಾಟುವ ಕಡೆ ಸುತ್ತ ಒಂದು ಗೇಣು ಜಾಗ ಬಿಡಿಸಿ. ಸುಲಭವಾಗಿ ಸಿಗುತ್ತದೆ ಅಂತ ಪಿವಿಸಿ ಪೈಪನ್ನೇ ಹೊಗೆಗೆ ಇಡಬೇಡಿ, ಅದು ಮೆತ್ತಗಾಗಿ ಬಾಗುತ್ತದೆ, ಸುಟ್ಟರೆ ಬರುವ ಹೊಗೆ ವಿಷ.

ಕೊಳವೆ ಎಳೆಯುತ್ತದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ಒಂದು ಹಾಳೆ ಸುರುಳಿ ಸುತ್ತಿ ಹಚ್ಚಿ, ಒಲೆಯ ಹಿಂಬದಿಯ ಹೊಗೆಕಂಡಿಯ ಹತ್ತಿರ ಹಿಡಿಯಿರಿ. ಜ್ವಾಲೆ ಒಳಕ್ಕೆ ಬಾಗಿದರೆ ಸರಿ. ನಿಮ್ಮ ಕಡೆಗೇ ಬಾಗಿದರೆ ಕೊಳವೆಯಲ್ಲಿ ತಣ್ಣನೆ ಗಾಳಿ ಕೂತಿದೆ ಅಂತ ಅರ್ಥ. ಇನ್ನೆರಡು ಹಾಳೆ ಅಲ್ಲೇ ಉರಿಸಿ ಬೆಚ್ಚಗೆ ಮಾಡಿ. ಆಮೇಲೂ ಹೊಗೆ ವಾಪಸು ಬಂದರೆ ಎಲ್ಲೋ ಕಟ್ಟಿಕೊಂಡಿದೆ. ಅವತ್ತು ಉರಿ ಹಾಕಬೇಡಿ.

ಸೌದೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಗೆ, ಮಸಿ, ಕಣ್ಣುರಿ, ಸೀಮೆಎಣ್ಣೆ ಸುರಿಯುವ ಚಪಲ, ಎಲ್ಲಕ್ಕೂ ಹಸಿ ಸೌದೆಯೇ ಮೂಲ. ಸೌದೆಯಲ್ಲಿರುವ ಒಂದು ಲೀಟರ್ ನೀರು ಆವಿಯಾಗಿ ಹೋಗಲು ಬೇಕಾದ ಶಾಖದಲ್ಲಿ 25ರಿಂದ 30 ಲೀಟರ್ ನೀರನ್ನು ಸ್ನಾನದ ಹದಕ್ಕೆ ಕಾಯಿಸಬಹುದು. ಸಂಕ್ರಾಂತಿಯ ಹೊತ್ತಿಗೆ ಸೀಳಿ, ಬೇಸಿಗೆಯೆಲ್ಲ ಒಣಗಿಸಿ, ಮುಂಗಾರು ಹಿಡಿಯುವ ಮುಂಚೆ ಸೂರಿನಡಿ ಸೇರಿಸಿ. ಎರಡು ತುಂಡು ಒಂದಕ್ಕೊಂದು ತಟ್ಟಿದರೆ ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಕಡಿದ ತುದಿಯಲ್ಲಿ ಬಿರುಕು ಕಾಣಬೇಕು, ತೊಗಟೆ ತಾನೇ ಕಳಚಬೇಕು. ಜಾಲಿ, ಸರ್ವೆ, ಹುಣಸೆ ನಿಧಾನಕ್ಕೆ ಉರಿದು ಒಳ್ಳೆ ಕೆಂಡ ಕೊಡುತ್ತವೆ. ರೇಷ್ಮೆ ಹುಳು ಸೊಪ್ಪು ತಿಂದು ಉಳಿಸಿದ ಹಿಪ್ಪುನೇರಳೆ ಕಡ್ಡಿಯಷ್ಟು ಚೆನ್ನಾಗಿ ಉರಿ ಹತ್ತಿಸುವುದು ನಮ್ಮ ಕಡೆ ಬೇರೊಂದಿಲ್ಲ. ಕಬ್ಬಿನ ತರಗು ಭಗ್ಗನೆ ಎದ್ದು ಕಿಡಿ ಹಾರಿಸುತ್ತದೆ, ಒಂದು ಹಿಡಿಗಿಂತ ಹೆಚ್ಚು ಬೇಡ. ಅದರ ರಾಶಿಯಂತೂ ಒಲೆಯ ಹತ್ತಿರ ಇರಲೇಬಾರದು. ಕಣಗಿಲೆ ಕಡ್ಡಿ ಮುಟ್ಟಲೇಬೇಡಿ, ಅದರ ಹೊಗೆಯೂ ವಿಷ. ಬಣ್ಣ ಬಳಿದ ಕಿಟಕಿ ತುಂಡು, ಪ್ಲೈವುಡ್, ಹಾಲಿನ ಕವರು ಒಲೆಗೆ ಬೇಡ.

ಹಂಡೆಯಲ್ಲಿ ಮುಕ್ಕಾಲು ನೀರು ಇದೆಯೇ ಅಂತ ಮುಚ್ಚಳ ತೆಗೆದು ನೋಡಿ. ಬರಿ ಹಂಡೆಗೆ ಉರಿ ತಾಗಿದರೆ ತಾಮ್ರ ಮೆತ್ತಗಾಗಿ ತಳ ಜಗ್ಗುತ್ತದೆ. ಗಾಬರಿಯಿಂದ ತಣ್ಣೀರು ಸುರಿದರೆ ಆವಿ ಮುಖಕ್ಕೆ ಹೊಡೆಯುತ್ತದೆ. ಇನ್ನು ಒಲೆ. ಹಳೆ ಬೂದಿ ಎರಡು ಬೆರಳಿನಷ್ಟು ಉಳಿಸಿ ಮಿಕ್ಕಿದ್ದು ತೆಗೆಯಿರಿ. ಮಣಿಕಟ್ಟಿನ ದಪ್ಪದ ಎರಡು ತುಂಡು ಸೌದೆ ಒಂದು ಗೇಣು ಅಂತರದಲ್ಲಿ ಉದ್ದುದ್ದ ಇಡಿ. ನಡುವೆ ಒಣ ಹೊಂಬಾಳೆ, ತೆಂಗಿನ ನಾರು. ಅದರ ಮೇಲೆ ಅಡ್ಡಡ್ಡಲಾಗಿ ಹಿಪ್ಪುನೇರಳೆ ಕಡ್ಡಿ ಹತ್ತು ಹನ್ನೆರಡು, ಆಮೇಲೆ ಎರಡು ತೆಂಗಿನ ಚಿಪ್ಪು ಬೋರಲು. ಕೆಳಗಿಂದ ನಾರಿಗೆ ಹಚ್ಚಿ. ಚಿಪ್ಪು ಹತ್ತಿಕೊಂಡು ಎಣ್ಣೆ ಸಿಡಿಯುವಂತೆ ಚಟಪಟ ಅಂದಮೇಲೆ ಮಾತ್ರ ಮೂರನೆ ಸೌದೆ ಇಡಿ. ಒಲೆಯ ಬಾಯಿಯ ಮೇಲಿನ ಮೂರನೇ ಒಂದು ಭಾಗ ಯಾವಾಗಲೂ ಖಾಲಿ ಇರಬೇಕು. ಬಾಯಿ ತುಂಬ ತುರುಕಿದರೆ ಗಾಳಿ ಸಿಗದೆ ಉರಿ ಕುಗ್ಗುತ್ತದೆ, ಹೊಗೆ ಹೊರಗೆ ಬರುತ್ತದೆ. ಊದುಕೊಳವೆಯಲ್ಲಿ ಊದುವಾಗ ಜ್ವಾಲೆಗಲ್ಲ, ಬುಡದ ಕೆಂಡಕ್ಕೆ ಊದಿ. ಉಸಿರು ಎಳೆದುಕೊಳ್ಳಲು ಕೊಳವೆಯಿಂದ ಬಾಯಿ ತೆಗೆದು ಪಕ್ಕಕ್ಕೆ ತಿರುಗಿ.

ಸೀಮೆಎಣ್ಣೆ, ಪೆಟ್ರೋಲು ಯಾವುದೂ ಬೇಡ. ಆರಿದೆ ಅಂದುಕೊಂಡ ಕೆಂಡದ ಮೇಲೆ ಸುರಿದರೆ ಮೊದಲು ಆವಿ ಏಳುತ್ತದೆ, ಒಂದೆರಡು ಗಳಿಗೆ ಏನೂ ಆಗುವುದಿಲ್ಲ, ಬಗ್ಗಿ ನೋಡುವ ಹೊತ್ತಿಗೆ ಒಮ್ಮೆಲೇ ಹತ್ತುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ದೂರದ ಕಿಡಿಗೂ ತಾಗುತ್ತದೆ. ಸೆರಗು ಸಿಕ್ಕಿಸಿಕೊಳ್ಳಿ. ನೈಲಾನ್ ನೈಟಿಯಲ್ಲಿ ಒಲೆ ಮುಂದೆ ಕೂರಬೇಡಿ. ಉದ್ದನೆ ಕೊಳ್ಳಿ ಉರಿದು ಉರಿದು ಆಚೆ ಜಾರಿ ಬೀಳುತ್ತದೆ. ಒಲೆಯ ಮುಂದೆ ಮೂರಡಿ ನೆಲ ಗುಡಿಸಿ ಖಾಲಿ ಇಡಿ, ಒಂದು ಬಕೆಟ್ ನೀರು, ಒಂದು ಬಾಣಲೆ ಮರಳು ಕೈಗೆ ಸಿಗುವಂತಿರಲಿ. 40 ಲೀಟರ್ ನೀರಿಗೆ ಒಣ ಸೌದೆ 2.5ರಿಂದ 3 ಕೆ.ಜಿ. ಸಾಕು.

ಎಲ್ಲಕ್ಕಿಂತ ಹೆಚ್ಚು ಭಯ ಪಡಬೇಕಾದ್ದು ಹೊಗೆ ನಿಂತಮೇಲೆ. ಒಲೆಬಾಯಿ ಬಚ್ಚಲೊಳಗೇ ಇರುವ ಮನೆಗಳಲ್ಲಿ ಕೆಂಡ ಮಿನುಗುತ್ತಿರುವಾಗಲೇ ಚಿಲಕ ಹಾಕಿಕೊಂಡು ಸ್ನಾನಕ್ಕೆ ಕೂರುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಕಾಲು ಸೋತು ಎದ್ದು ಬಾಗಿಲು ತೆಗೆಯಲೂ ಆಗುವುದಿಲ್ಲ. ಮೇಲಿನ ಗವಾಕ್ಷಿ ತೆರೆದಿರಲಿ, ಚಿಲಕ ಬೇಡ. ಅದಕ್ಕಿಂತ ಒಳ್ಳೆಯದು ನೀರು ತೋಡಿಕೊಂಡು ಬೇರೆ ಬಚ್ಚಲಿಗೆ ಹೋಗುವುದು. ಹೊಸದಾಗಿ ಕಟ್ಟಿಸುವವರು ಒಲೆಬಾಯಿ ಗೋಡೆಯ ಆಚೆ ಬರುವಂತೆ ಕಟ್ಟಿಸಿ. ಬಾಣಂತಿ ಕೋಣೆಗೆ ಇದೇ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿ ಒಯ್ದು, ಗಾಳಿ ತಾಗಬಾರದು ಅಂತ ಬಾಗಿಲು ಕಿಟಕಿ ಮುಚ್ಚುವ ರೂಢಿ ಇನ್ನೂ ಇದೆ. ದಯವಿಟ್ಟು ನಿಲ್ಲಿಸಿ. ಕಂದನಿಗೂ ತಾಯಿಗೂ ಬೆಚ್ಚನೆ ಬಟ್ಟೆ ಸಾಕು. ಸಾಂಬ್ರಾಣಿ ಹೊಗೆ ಕೂದಲಿಗೆ ಹಿಡಿಯಲೇಬೇಕಾದರೆ ಪಡಸಾಲೆಯಲ್ಲಿ ಹಿಡಿಯಿರಿ, ಮಗುವನ್ನು ದೂರ ಮಲಗಿಸಿ.

ಆರಿಸುವಾಗ ಕೊಳ್ಳಿಗಳನ್ನು ಎಳೆದು ತುದಿಯನ್ನು ಮರಳಿಗೆ ತಿಕ್ಕಿ. ಉರಿಯುವ ಒಲೆಗೆ ನೀರೆರೆಚಿದರೆ ಬಿಸಿ ಬೂದಿ, ಆವಿ ಎರಡೂ ಮೇಲೆ ಹಾರುತ್ತವೆ, ಇಟ್ಟಿಗೆಯೂ ಸೀಳುತ್ತದೆ. ಕೆಂಡ ಬೂದಿಯಡಿ ಎರಡು ಮೂರು ದಿನ ಜೀವ ಹಿಡಿದಿರುತ್ತದೆ, ಆದ್ದರಿಂದ ಬೂದಿಯನ್ನು ಮಂಕರಿಗೋ ಪ್ಲಾಸ್ಟಿಕ್ ಬುಟ್ಟಿಗೋ ತುಂಬಬೇಡಿ, ತಿಪ್ಪೆಗೂ ಸುರಿಯಬೇಡಿ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ತುಂಬಿ ಬರಿ ನೆಲದ ಮೇಲೆ ಮೂರು ದಿನ ಬಿಟ್ಟು, ಕೈಯಿಟ್ಟು ತಣ್ಣಗಿದೆ ಅಂತ ನೋಡಿ, ಜರಡಿ ಹಿಡಿದು ತೆಂಗಿನ ಬುಡಕ್ಕೆ ಹಾಕಿ.