ಹಣ್ಣು ಕುಯ್ಯುವ ನೆಪದಲ್ಲಿ ಬರೆದ ಪೇಸ್ ನೋಟ್ಸ್

ರ‍್ಯಾಲಿ ಕಾರಿನಲ್ಲಿ ನನ್ನದು ಎಡಗಡೆ ಸೀಟು. ಪೇಸ್ ನೋಟ್ಸ್, ಅಂದರೆ ಮುಂದಿನ ತಿರುವು ಹೇಗಿದೆ ಅಂತ ಬರೆದ ಟಿಪ್ಪಣಿ, ಡ್ರೈವರ್‌ಗೆ ಓದಿ ಹೇಳೋದು, ಟೈಮ್ ಕಾರ್ಡ್ ನೋಡಿಕೊಳ್ಳೋದು ನನ್ನ ಕೆಲಸ. ಇನ್ನೊಂದು ಕೆಲಸವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ರೂಲ್ ಬುಕ್ಕಿನಲ್ಲಿ ಎಲ್ಲಿ ಸಂದು ಇದೆ ಅಂತ ಹುಡುಕೋದು.

ಒಂದು ಸಂದು ಟೈಮ್ ಕಂಟ್ರೋಲ್‌ನಲ್ಲೇ ಇದೆ. ನಮಗೆ ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ಕಾರ್ಡ್ ಕೊಡಬೇಕಾದ ಜಾಗ ಅದು. ಅಲ್ಲಿಗೆ ಒಂದು ನಿಮಿಷ ಬೇಗ ಹೋಗಿ ಕಾರ್ಡ್ ಕೊಟ್ಟರೆ ಪೂರ್ತಿ 1 ನಿಮಿಷ ಪೆನಾಲ್ಟಿ. ಒಂದು ನಿಮಿಷ ತಡ ಮಾಡಿದರೆ 10 ಸೆಕೆಂಡ್ ಮಾತ್ರ. ಮೊದಲ ಸಲ ಓದಿದಾಗ ತಲೆಕೆಳಗಾಗಿದೆ ಅನ್ನಿಸಿತ್ತು. ಆದರೆ ನಮ್ಮ ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ಧೂಳು ಎದ್ದರೆ ಬೇಗ ಇಳಿಯಲ್ಲ. ಮೇಲೆ ಸಿಲ್ವರ್ ಮರ, ಕೆಳಗೆ ಒತ್ತಾಗಿ ಕಾಫಿ ಗಿಡ, ಗಾಳಿಯೇ ಆಡಲ್ಲ. ಮುಂದಿನ ಕಾರು ಹೋಗಿ ಒಂದು ನಿಮಿಷವಾದರೂ ಬಾನೆಟ್ ಆಚೆ ಏನೂ ಕಾಣಲ್ಲ. ಒಮ್ಮೆ ನಮ್ಮ ಹಿಂದಿನ ಕಾರು ಕೆಟ್ಟು ನಿಂತಿತ್ತು, ಹಾಗಾಗಿ ನಮ್ಮ ನಂತರ ಅದು ಹೊರಡಬೇಕಿದ್ದ ನಿಮಿಷ ಖಾಲಿ. ಬೇಕಂತಲೇ ಟೈಮ್ ಕಂಟ್ರೋಲ್ ಬೋರ್ಡಿನ ಈಚೆ ಒಂದು ನಿಮಿಷ ಹೆಚ್ಚು ಕೂತೆವು. ಡ್ರೈವರ್ ಒದ್ದಾಡುತ್ತಿದ್ದ, ನಾನು ಗಡಿಯಾರ ನೋಡುತ್ತಿದ್ದೆ. 10 ಸೆಕೆಂಡ್ ಕೊಟ್ಟು ಖಾಲಿ ರಸ್ತೆ ಕೊಂಡೆವು. ನನ್ನ ಲೆಕ್ಕದಲ್ಲಿ ಲಾಭವೇ ಆಯಿತು. ಇದನ್ನು ಮೋಸ ಅಂತ ನಾನು ಒಪ್ಪಲ್ಲ. ಬೆಲೆ ಅವರೇ ಬರೆದಿದ್ದಾರೆ, ನಾವು ಕೊಟ್ಟೆವು.

ನಮ್ಮ ಮೆಕ್ಯಾನಿಕ್‌ಗೆ ಇದೆಲ್ಲ ಮಕ್ಕಳಾಟ. ಅವನು ಸದಾ ಹೇಳೋದು 1995ರ ಟೊಯೊಟಾ ಕಥೆ. ಟರ್ಬೋಗೆ ಹೋಗುವ ಗಾಳಿಗೆ ಮಿತಿ ಇರಲಿ ಅಂತ ಇಷ್ಟೇ ಅಗಲದ ರೆಸ್ಟ್ರಿಕ್ಟರ್ ಹಾಕಬೇಕೆಂಬ ರೂಲು ಇತ್ತು. ಸ್ಪೇನಿನ ಕ್ಯಾಟಲೂನಿಯಾ ರ‍್ಯಾಲಿಯಲ್ಲಿ ಟೊಯೊಟಾದ ಸೆಲಿಕಾ ಕಾರಿನ ಪೈಪಿಗೆ ಕ್ಲಿಪ್ ಹಾಕಿ ಬಿಗಿದರೆ ಒಳಗಿನ ಸ್ಪ್ರಿಂಗ್ ಅಮುಕಿಕೊಂಡು ರೆಸ್ಟ್ರಿಕ್ಟರ್ ಸ್ವಲ್ಪ ಸರಿಯುತ್ತಿತ್ತು. ಆ ಸಂದಿಯಲ್ಲಿ ಕಳ್ಳಗಾಳಿ ಒಳಗೆ. ತಪಾಸಣೆಗೆ ಪೈಪ್ ಬಿಚ್ಚಿದರೆ ಸ್ಪ್ರಿಂಗ್ ಸಡಿಲವಾಗಿ ಎಲ್ಲವೂ ಮೊದಲಿನ ಜಾಗಕ್ಕೆ! ವಿಶ್ವ ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ, ಮೂವತ್ತು ವರ್ಷದಲ್ಲಿ ಇಷ್ಟು ಚತುರ ಕೆಲಸ ನೋಡಿಲ್ಲ ಅಂತ ಹೊಗಳಿದರು. ಹೊಗಳಿಕೆಯ ಜೊತೆ ತಂಡಕ್ಕೆ 12 ತಿಂಗಳ ನಿಷೇಧವೂ ಬಂತು. ಮೆಕ್ಯಾನಿಕ್ ಹೊಗಳಿದ್ದನ್ನಷ್ಟೇ ನೆನಪಿಟ್ಟುಕೊಂಡಿದ್ದಾನೆ.

ಸರಿ, ನನ್ನ ಕಥೆಗೆ ಬರುತ್ತೇನೆ. ಅದು ಇಷ್ಟು ಚತುರವಾಗಿಲ್ಲ.

ಸ್ಪೆಷಲ್ ಸ್ಟೇಜ್, ಅಂದರೆ ಗಡಿಯಾರದ ವಿರುದ್ಧ ಓಡಿಸುವ ರಸ್ತೆಗಳನ್ನು ಮೊದಲೇ ಹೋಗಿ ನೋಡಿಕೊಂಡು ಬರುವಂತಿಲ್ಲ. ಆಯೋಜಕರು ಹೇಳಿದ ದಿನ, ಅವರು ಹೇಳಿದ ವೇಗದಲ್ಲಿ ಎರಡು ಸಲ ಹೋಗಿ ನೋಟ್ಸ್ ಬರೆಯಬೇಕು. ಅದೇ ರೆಕ್ಕಿ. ಆದರೆ ಎಫ್‌ಐಎ ರೂಲಿನಲ್ಲಿ ಒಂದು ಸಣ್ಣ ಸಾಲು ಇದೆ. ಅದೇ ಪ್ರದೇಶದಲ್ಲಿ ವಾಸ ಇರುವವರು ಆ ರಸ್ತೆಯಲ್ಲಿ ಓಡಾಡಲು ಅನುಮತಿ ಬೇಕಿಲ್ಲ. ಅಲ್ವಾ ಮತ್ತೆ, ಊರಿನವನು ಮನೆಗೆ ಹೋಗಲು ಚೀಟಿ ತರಬೇಕಾ? ಆ ವರ್ಷ ಆಲ್ದೂರು ಕಡೆಯ ನನ್ನ ಸೋದರಮಾವನ ತೋಟದ ರಸ್ತೆ ಸ್ಟೇಜಿನಲ್ಲಿದೆ ಅಂತ ಸುದ್ದಿ ಸಿಕ್ಕಿತು.

"ನೀನು ಅಲ್ಲೇ ಬೆಳೆದವನಲ್ವಾ ಮಾರಾಯ, ಒಂದು ವಾರ ಹೋಗಿ ಇದ್ದು ಬಾ" ಅಂದ ಡ್ರೈವರ್.

ಅರೇಬಿಕಾ ಕುಯ್ಲು ಶುರುವಾಗಿತ್ತು. ಹಣ್ಣು ಕುಯ್ಯೋಕೆ ಆಳಿಲ್ಲ ಅಂತಿದ್ರಲ್ಲ, ಬಂದೆ ಅಂದೆ ಮಾವನಿಗೆ. ಬೆಳಿಗ್ಗೆ ಕುಯ್ಯುವವರ ಜೊತೆ ಸುಮ್ನೆ ನಿಲ್ಲೋದು, ಸಂಜೆ ಸ್ಕೂಟರ್‌ನಲ್ಲಿ ಗೇಟಿನಿಂದ ಮೇಲಿನ ಕಣದವರೆಗೆ ಹೋಗಿ ಬರೋದು. ಒಂದೊಂದು ತಿರುವಿನಲ್ಲೂ ಇಳಿದು ಹೆಜ್ಜೆ ಹಾಕಿ ಅಳೆದೆ. ಎಲ್ಲಿ ಮೋರಿ, ಎಲ್ಲಿ ಜಲ್ಲಿ ಜಾಸ್ತಿ, ಯಾವ ತಿರುವು ಕೊನೆಯಲ್ಲಿ ಇನ್ನೂ ಬಿಗಿಯಾಗುತ್ತೆ, ಎಲ್ಲ ಬರೆದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ನೋಟ್ಸ್ ಬರೆದಿಲ್ಲ. ಆದರೆ ರಾತ್ರಿ ಅತ್ತೆ ಬಡಿಸಿದ ಕಡುಬು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಓಡಾಡಲು ಅನುಮತಿ ಬೇಡ ಅಂತ ಬರೆದಿದ್ದಾರೆ, ಪೆನ್ನು ಹಿಡಿದು ಓಡಾಡಿ ಅಂತ ಬರೆದಿಲ್ಲ. ಅದು ನನಗೂ ಗೊತ್ತಿತ್ತು.

ರೆಕ್ಕಿ ದಿನ ದಾರಿಯ ವಿವರ ಇರುವ ರೋಡ್ ಬುಕ್ ಕೈಗೆ ಬಂತು. ಸ್ಟೇಜ್ ಸ್ಟಾರ್ಟ್ ಮೇಲಿನ ಕಣದಲ್ಲಿ. ಫಿನಿಶ್ ಗೇಟಿನ ಹತ್ತಿರ.

ಉಲ್ಟಾ. ಹತ್ತುವ ದಾರಿ ಅಂತ ಬರೆದಿದ್ದೆಲ್ಲ ಇಳಿಜಾರು. ಬಲ ಎಡವಾಯಿತು. ಅದನ್ನೇನೋ ತಿದ್ದಬಹುದು, ಆದರೆ ಕೊನೆಯಲ್ಲಿ ಬಿಗಿಯಾಗುವ ತಿರುವು ಆಕಡೆಯಿಂದ ಬಂದರೆ ಬಿಚ್ಚಿಕೊಳ್ಳುತ್ತೆ, ಬ್ರೇಕ್ ಹಾಕೋ ಜಾಗವೇ ಬೇರೆ. ಪುಸ್ತಕ ಎಸೆದು ಎಲ್ಲರ ಹಾಗೆ ಎರಡು ಸಲದಲ್ಲಿ ಹೊಸದು ಬರೆದೆ. ಪುಸ್ತಕ ಎಸೆಯಬಹುದು, ತಲೆಯಲ್ಲಿ ಕೂತಿದ್ದನ್ನು ಏನು ಮಾಡೋದು? ಸ್ಟೇಜಿನ ಮಧ್ಯೆ ಮೋರಿ ದಾಟಿದ ತಕ್ಷಣ ಹಾಳೆಯಲ್ಲಿ "ಲೆಫ್ಟ್ ತ್ರೀ" ಅಂತಿತ್ತು (ತ್ರೀ ಅಂದರೆ ತಿರುವು ಎಷ್ಟು ಬಿಗಿ ಅನ್ನೋ ಅಂಕಿ), ಬಾಯಲ್ಲಿ "ರೈಟ್ ತ್ರೀ" ಬಂತು. ಕಾರು ನೇರ ಕಾಫಿ ಗಿಡಗಳ ಮೇಲೆ. ಯಾರಿಗೂ ಏನೂ ಆಗಲಿಲ್ಲ, ರೇಡಿಯೇಟರ್ ಒಡೆದು ನಮ್ಮ ರ‍್ಯಾಲಿ ಅಲ್ಲಿಗೇ ಮುಗಿಯಿತು.

ಸಂಜೆ ಮಾವ ಬಂದು ಮೊದಲು ಗಿಡ ಎಣಿಸಿದರು. ಆರು ಹೋಗಿದ್ದವು. ಆಮೇಲೆ ನನ್ನ ಕಡೆ ತಿರುಗಿ, "ರಸ್ತೆ ಕೊಡಿ ಅಂತ ಕೇಳೋಕೆ ಬಂದಾಗಲೇ ನಕ್ಷೆ ತೋರಿಸಿದ್ದರು. ಮೇಲಿಂದ ಕೆಳಕ್ಕೆ ಅಂತ ನನಗೆ ತಿಂಗಳ ಹಿಂದೆಯೇ ಗೊತ್ತಿತ್ತು" ಅಂದರು.

"ಹೇಳಬಾರದಿತ್ತಾ ಮಾವ?"

"ನೀನು ಹಣ್ಣು ಕುಯ್ಯೋಕೆ ಬಂದವನಲ್ವಾ?"